ತಲೆ ಎಣಿಸುವ ಜಾಗ

ಅಮೆರಿಕದಲ್ಲಿ ರಾಜ್ಯದ ಗವರ್ನರನ್ನು ಜನರೇ ಆರಿಸುತ್ತಾರೆ. ಅಲ್ಲಿಯ ಗವರ್ನರ್ ಅಂದರೆ ಹೆಚ್ಚು ಕಡಿಮೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಓಟು ಬೀಳುತ್ತದೆ, ಎಣಿಕೆ ಆಗುತ್ತದೆ, ಹೆಚ್ಚು ಬಂದವರು ಕುರ್ಚಿಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಹಾಗಲ್ಲ. ನಾವು ಆರಿಸುವುದು ಶಾಸಕರನ್ನು. ಅವರಲ್ಲಿ ಹೆಚ್ಚು ಮಂದಿ ಯಾರ ಕಡೆಗೆ ಇದ್ದಾರೋ ಅವರನ್ನು ಕರೆದು ಪ್ರಮಾಣ ವಚನ ಬೋಧಿಸುವವರು ರಾಜ್ಯಪಾಲರು. ಆ ರಾಜ್ಯಪಾಲರನ್ನು ಕಳಿಸುವುದು ದೆಹಲಿ. ಹೀಗಾಗಿ ನಮ್ಮಲ್ಲಿ ಎರಡು ಎಣಿಕೆ. ಒಂದು ಓಟಿನ ಎಣಿಕೆ, ಇನ್ನೊಂದು ಶಾಸಕರ ತಲೆ ಎಣಿಕೆ. ಮೊದಲನೆಯದನ್ನು ಎಲ್ಲಿ, ಯಾರ ಎದುರಿಗೆ ಮಾಡಬೇಕು ಅನ್ನುವುದಕ್ಕೆ ಮೊದಲ ಚುನಾವಣೆಯಿಂದಲೂ ನಿಯಮ ಇತ್ತು. ಎರಡನೆಯದಕ್ಕೆ ಬಹಳ ವರ್ಷ ಖಚಿತವಾದ ನಿಯಮ ಇರಲಿಲ್ಲ. ಅದು ಬಂದ ಕಥೆಯಲ್ಲಿ ಅರ್ಧ ಹೈದರಾಬಾದಿನದು, ಇನ್ನರ್ಧ ಬೆಂಗಳೂರಿನದು. 1982ರಿಂದ ಹೈದರಾಬಾದಿನಲ್ಲಿ ಅನ್ನ ತಿನ್ನುತ್ತಿರುವ ಕನ್ನಡಿಗ ನಾನು. ಎರಡೂ ಕಡೆಯ ಅರ್ಧಗಳು ನನಗೆ ಹತ್ತಿರದವು. ಅದಕ್ಕೇ ಅವನ್ನು ಜೋಡಿಸಿ ಬರೆಯಲು ಹೊರಟಿದ್ದೇನೆ.

ನಮ್ಮದು ರಾಯಚೂರು ಜಿಲ್ಲೆ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಪ್ರೊಬೇಷನರಿ ಆಫೀಸರ್ ಆದಾಗ ಹೈದರಾಬಾದಿಗೆ ಹಾಕಿದರು. ಪರ ರಾಜ್ಯಕ್ಕೆ ಹೋಗುತ್ತಿದ್ದೇನೆ ಅಂತ ನಾನು ಹೇಳಿದರೆ ನಮ್ಮ ತಂದೆ ಒಪ್ಪಲಿಲ್ಲ. "ಅದು ಪರ ರಾಜ್ಯ ಹೆಂಗಾಗ್ತದ? ನಾ ಮೊದಲ ಓಟು ಹಾಕಿದ್ದೇ ಹೈದರಾಬಾದ್ ಅಸೆಂಬ್ಲಿಗೆ" ಅಂದರು. ಅವರು ಹೇಳಿದ್ದು ನಿಜವೇ. 1952ರಲ್ಲಿ ರಾಯಚೂರು, ಗುಲಬರ್ಗಾ, ಬೀದರ್ ಮೂರೂ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು, ಮತದಾರ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಜೋಡೆತ್ತಿನ ಪೆಟ್ಟಿಗೆಯ ಮುಂದೆ ನಿಂತು ಕೈ ಮುಗಿದವರೂ ಇದ್ದರಂತೆ. 175 ಸ್ಥಾನಗಳ ಆ ಸಭೆಯಲ್ಲಿ ಕಾಂಗ್ರೆಸ್ಸಿಗೆ 93 ಬಂದವು. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ತೆಲಂಗಾಣದ ಹಳ್ಳಿಗಳಲ್ಲಿ ಕಮ್ಯುನಿಸ್ಟರ ಬಲ ಎಷ್ಟಿತ್ತೆಂದರೆ, ಅದೇ ಚುನಾವಣೆಯಲ್ಲಿ ನಲ್ಗೊಂಡದಿಂದ ಲೋಕಸಭೆಗೆ ನಿಂತ ರಾವಿ ನಾರಾಯಣ ರೆಡ್ಡಿಯವರಿಗೆ ನೆಹರೂ ಅವರಿಗಿಂತಲೂ ಹೆಚ್ಚು ಓಟು ಬಿದ್ದವು.

ಈ ಬೂರ್ಗುಲ ಅವರೇ 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋದ ಮೇಲೆ ಕೇರಳದ ರಾಜ್ಯಪಾಲರಾದರು. 1959ರ ಜುಲೈ 31ರಂದು ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರವನ್ನು ಕೇಂದ್ರ ವಜಾ ಮಾಡಿದ್ದು ಅವರು ಕಳಿಸಿದ ವರದಿಯ ಮೇಲೆ. ಆ ದಿನ ಇ.ಎಂ.ಎಸ್. ಅವರಿಗೆ ಸದನದಲ್ಲಿ ಬಹುಮತ ಇತ್ತು. ಸ್ವತಃ ಎಣಿಕೆಯಿಂದ ಗೆದ್ದು ಬಂದ ಒಬ್ಬ ಮುಖ್ಯಮಂತ್ರಿ, ರಾಜಭವನ ಸೇರಿದ ಮೇಲೆ ಎಣಿಕೆ ಲೆಕ್ಕಕ್ಕೆ ಬಾರದ ಹಾದಿಗೆ ಸಹಿ ಹಾಕಬೇಕಾಯಿತು. ಕುರ್ಚಿ ಬದಲಾದರೆ ಲೆಕ್ಕ ಹಿಡಿಯುವ ರೀತಿಯೂ ಬದಲಾಗುತ್ತದೆ ಅನ್ನುವುದಕ್ಕೆ ಇದು ಮೊದಲ ದೊಡ್ಡ ಉದಾಹರಣೆ.

ನಾನು ಹೈದರಾಬಾದಿಗೆ ಬಂದ ವರ್ಷವೇ, 1982ರ ಮಾರ್ಚ್ 29ರಂದು, ಎನ್.ಟಿ. ರಾಮರಾವ್ ತೆಲುಗು ದೇಶಂ ಪಕ್ಷ ಕಟ್ಟಿದರು. ನೆಲ ಮೊದಲೇ ಹದವಾಗಿತ್ತು. 1978ರಿಂದ 1983ರೊಳಗೆ ಕಾಂಗ್ರೆಸ್ ಆ ರಾಜ್ಯಕ್ಕೆ ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟಿತ್ತು: ಚೆನ್ನಾರೆಡ್ಡಿ, ಅಂಜಯ್ಯ, ಭವನಂ ವೆಂಕಟರಾಮ್, ಕೋಟ್ಲ ವಿಜಯಭಾಸ್ಕರ ರೆಡ್ಡಿ. ಅವರಲ್ಲಿ ಅಂಜಯ್ಯನವರನ್ನು ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿ ಎಲ್ಲರೆದುರು ಗದರಿಸಿದ ಪ್ರಸಂಗವನ್ನು ನಮ್ಮ ಶಾಖೆಯ ಅಟೆಂಡರ್ ಕೂಡ ಅಭಿನಯಿಸಿ ತೋರಿಸುತ್ತಿದ್ದ. ಅದರ ಮೇಲೆ ಎನ್‌ಟಿಆರ್ ಹಳೆಯ ಷೆವ್ರೊಲೆ ವ್ಯಾನೊಂದನ್ನು 'ಚೈತನ್ಯ ರಥಂ' ಮಾಡಿಕೊಂಡು ಊರೂರು ತಿರುಗಿ ತೆಲುಗರ ಆತ್ಮಗೌರವದ ಮಾತು ಎತ್ತಿದರು. ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡುತ್ತೇನೆ ಅಂದರು.

ಆ ವರ್ಷವೇ ನಮ್ಮ ಕಡೆ ಗೋಕಾಕ್ ಚಳವಳಿ. ಡಾ. ರಾಜ್‌ಕುಮಾರ್ ಊರೂರಿಗೆ ಹೋಗಿ ಮಾತಾಡುತ್ತಿದ್ದರು, ಜನ ಸಾಗರದಂತೆ ಸೇರುತ್ತಿದ್ದರು. ನಾರಾಯಣಗೂಡದ ಬಾಡಿಗೆ ಕೋಣೆಯಲ್ಲಿ ಕೂತು ಒಂದು ದಿನ ತಡವಾಗಿ ಬರುವ ಕನ್ನಡ ಪೇಪರ್ ಓದುತ್ತಿದ್ದ ನಮಗೆ ಇದೊಂದು ಸೋಜಿಗ. ಎರಡೂ ಕಡೆ ಭಾಷೆಯ ಮಾತು, ಎರಡೂ ಕಡೆ ಬೆಳ್ಳಿತೆರೆಯ ನಾಯಕ. ಒಬ್ಬರು ಪಕ್ಷ ಕಟ್ಟಿದರು, ಇನ್ನೊಬ್ಬರು ಚಳವಳಿ ಮುಗಿದ ಮೇಲೆ ಮತ್ತೆ ಸ್ಟುಡಿಯೋಗೆ ಹೋದರು.

ಆದರೆ ಒಂದು ಅಳುಕೂ ಇತ್ತು, ಮುಚ್ಚಿಡುವುದೇಕೆ? ಪಕ್ಷದ ಹೆಸರಿನಲ್ಲೇ ತೆಲುಗು ಇದೆ. ನಾಳೆ ಇವರು ಗೆದ್ದರೆ ನಮ್ಮಂಥವರ ಗತಿಯೇನು? ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಭಾನುವಾರ ಸೇರಿದಾಗ ಇದೇ ಮಾತು. ಹಿರಿಯರೊಬ್ಬರು ನಕ್ಕು ಹೇಳಿದ್ದು ನೆನಪಿದೆ: "ನಿಜಾಮನ ಕಾಲದಾಗ ಉರ್ದು ಕಲ್ತು ಬದುಕಿದೀವಿ, ತೆಲುಗು ಏನು ದೊಡ್ಡದು? ಅಕ್ಷರ ನೋಡಿದ್ರ ಅರ್ಧ ನಮ್ಮವೇ ಕಾಣಸ್ತಾವ." ಅವರ ಮಾತೇ ಕೊನೆಗೆ ನಿಜವಾಯಿತು. ಮುಂದೆ ನಲವತ್ತು ವರ್ಷದಲ್ಲಿ ಭಾಷೆಯ ಕಾರಣಕ್ಕೆ ನನ್ನನ್ನು ಇಲ್ಲಿ ಯಾರೂ ದೂರ ಇಟ್ಟದ್ದಿಲ್ಲ.

1983ರ ಜನವರಿ 5ರಂದು ಆಂಧ್ರ ಮತ್ತು ಕರ್ನಾಟಕ ಎರಡರಲ್ಲೂ ಒಂದೇ ದಿನ ಮತದಾನ. ಆಂಧ್ರದ 294ರಲ್ಲಿ ತೆಲುಗು ದೇಶಂಗೆ 200ಕ್ಕೂ ಹೆಚ್ಚು, ಕಾಂಗ್ರೆಸ್ಸಿಗೆ 60. ಕಟ್ಟಿ ಇನ್ನೂ ಒಂದು ವರ್ಷವೂ ಆಗದ ಪಕ್ಷ! ನಮ್ಮ 224ರಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಜನವರಿ 9ರಂದು ಹೈದರಾಬಾದಿನ ಲಾಲ್ ಬಹಾದ್ದೂರ್ ಕ್ರೀಡಾಂಗಣದಲ್ಲಿ ಎನ್‌ಟಿಆರ್ ಪ್ರಮಾಣ ವಚನ ಸ್ವೀಕರಿಸಿದರು, ಮರುದಿನ ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆ. ಅಲ್ಲಿಯವರೆಗೆ ಕಾಂಗ್ರೆಸ್ ಬಿಟ್ಟು ಬೇರೆ ಸರ್ಕಾರ ಕಾಣದ ಎರಡು ರಾಜ್ಯಗಳು ಒಂದೇ ವಾರದಲ್ಲಿ ಮಗ್ಗುಲು ಬದಲಿಸಿದವು. ಶಾಖೆಯಲ್ಲಿ ತೆಲುಗು ಸಹೋದ್ಯೋಗಿಗಳು "ಮೀ ಹೆಗಡೆಗಾರು" ಅಂತ ನನ್ನ ಜೊತೆ ಮಾತು ತೆಗೆಯುತ್ತಿದ್ದರು, ಹೆಗಡೆಯವರು ನಮ್ಮ ಸೋದರಮಾವನೋ ಎಂಬಂತೆ.

ಇನ್ನು ಬಂತು 1984ರ ಆಗಸ್ಟ್. ಎನ್‌ಟಿಆರ್ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಿಂತಿರುಗಿ ಎರಡು ದಿನ ಆಗಿತ್ತಷ್ಟೆ. ಅವರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ನಾದೆಂಡ್ಲ ಭಾಸ್ಕರರಾವ್, ಹೆಚ್ಚಿನ ಶಾಸಕರು ತಮ್ಮ ಕಡೆ ಇದ್ದಾರೆ ಅಂತ ರಾಜ್ಯಪಾಲ ರಾಮಲಾಲ್ ಅವರ ಮುಂದೆ ಹೇಳಿದರು. ಎನ್‌ಟಿಆರ್, ಸದನ ಕರೆಯಿರಿ, ಅಲ್ಲೇ ತೋರಿಸುತ್ತೇನೆ ಅಂದರು. ನೂರ ಅರವತ್ತರ ಮೇಲ್ಪಟ್ಟು ಶಾಸಕರನ್ನು ಕರೆದುಕೊಂಡು ಸೋಮಾಜಿಗೂಡದ ರಾಜಭವನಕ್ಕೇ ಹೋದರು. 294ರ ಸಭೆಯಲ್ಲಿ ಬಹುಮತಕ್ಕೆ ಬೇಕಾದ್ದು 148. ಕಣ್ಣೆದುರಿಗೇ ಅಷ್ಟು ತಲೆ ಇದ್ದರೂ ಎಣಿಕೆ ಆಗಲಿಲ್ಲ. ಆಗಸ್ಟ್ 16ರಂದು ಭಾಸ್ಕರರಾವ್ ಮುಖ್ಯಮಂತ್ರಿಯಾದರು. ಬಹುಮತ ತೋರಿಸಲು ಅವರಿಗೆ ಸಿಕ್ಕಿದ್ದು 30 ದಿನ. ಎನ್‌ಟಿಆರ್ ಅವರನ್ನೂ ಬೆಂಬಲಿಗರನ್ನೂ ಪೊಲೀಸರು ವಶಕ್ಕೆ ತಗೊಂಡರು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ಮುಚ್ಚುವಾಗ ಕ್ಯಾಶಿಯರ್ ಪುಸ್ತಕದಲ್ಲಿ ಬರೆದ ಮೊತ್ತ ನೋಡಿ ಅಧಿಕಾರಿ ಸಹಿ ಹಾಕುವಂತಿಲ್ಲ. ನೋಟು ಎಣಿಸಿ, ಪುಸ್ತಕಕ್ಕೆ ತಾಳೆಯಾದ ಮೇಲೆ ಸಹಿ. ತಿಜೋರಿಗೆ ಎರಡು ಕೀಲಿ ಕೈ, ಇಬ್ಬರ ಬಳಿ. ಕ್ಯಾಶಿಯರ್ ಎಷ್ಟೇ ಒಳ್ಳೆಯವನಿರಲಿ, ಅಧಿಕಾರಿ ಎಷ್ಟೇ ಹಿರಿಯನಿರಲಿ, "ನನಗೆ ಮನವರಿಕೆಯಾಗಿದೆ, ಎಣಿಸುವುದು ಬೇಡ" ಅನ್ನುವ ಹಾಗಿಲ್ಲ. ಕೋಠಿಯ ನಮ್ಮ ಶಾಖೆಯಲ್ಲಿ ಆ ದಿನ ಕಾಫಿ ಹೊತ್ತಿನಲ್ಲಿ ಹೆಡ್ ಕ್ಯಾಶಿಯರ್ ಕೇಳಿದ್ದು ಇದನ್ನೇ: "ಸಾರ್, ನಮಗೆ ಸಂಜೆ ಐದಕ್ಕೆ ಟ್ಯಾಲಿ ಆಗ್ಬೇಕು ಅಂತೀರಿ. ಅಲ್ಲಿ ಟ್ಯಾಲಿ ಮಾಡೋಕೆ ಒಂದು ತಿಂಗಳು ಯಾಕೆ?" ಅಷ್ಟು ದಿನ ಕೊಟ್ಟರೆ ಕಡಿಮೆ ಬಿದ್ದ ನೋಟು ಎಲ್ಲಿಂದಲಾದರೂ ಬಂದು ಸೇರುತ್ತದೆ ಅನ್ನುವುದು ಅವನ ಅನುಮಾನ. ಎನ್‌ಟಿಆರ್ ಪಾಳಯದ ಭಯವೂ ಅದೇ.

ಅದಕ್ಕಾಗಿ ಶಾಸಕರನ್ನು ಮೊದಲು ನಾಚಾರಂನಲ್ಲಿದ್ದ ಎನ್‌ಟಿಆರ್ ಅವರ ರಾಮಕೃಷ್ಣ ಸ್ಟುಡಿಯೋದಲ್ಲಿ ಇಟ್ಟರು. ರೈಲು ಹತ್ತಿಸಿ ದೆಹಲಿಗೆ ಕರೆದೊಯ್ದು ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮುಂದೆ ನಿಲ್ಲಿಸಿದರು. ಆಮೇಲೆ ಎಲ್ಲಿಗೆ? ಹೆಗಡೆಯವರ ಕರ್ನಾಟಕಕ್ಕೆ. ನಂದಿಬೆಟ್ಟ, ಬೆಂಗಳೂರು, ಮೈಸೂರು ಅಂತ ಅವರ ಬಿಡಾರ ನಡೆಯಿತು. ನಮ್ಮ ತಂದೆ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದರು: "ನಿಮ್ಮ ಕಡಿ ಎಂಎಲ್‌ಎಗಳೆಲ್ಲ ನಮ್ಮ ಕಡಿ ಬಂದು ಕೂತಾರಂತ. ನೀನು ಯಾವಾಗ ಬರ್ತಿ?" ಪತ್ರ ಓದಿ ನಕ್ಕೆ, ಆದರೆ ರಜೆ ಸಿಗುವ ಹಾಗಿರಲಿಲ್ಲ. ಊರು ಬಿಗಿಯಾಗಿತ್ತು. ಇವತ್ತು ಬಂದ್, ನಾಳೆ ಮೆರವಣಿಗೆ. ಅದರ ಜೊತೆ ಹಳೆಯ ಊರಿನ ಕಡೆ ಮತೀಯ ಗಲಭೆ, ಕರ್ಫ್ಯೂ. ಶಾಖೆಯ ಕಬ್ಬಿಣದ ಬಾಗಿಲನ್ನು ಅರ್ಧ ಎಳೆದುಕೊಂಡೇ ವ್ಯವಹಾರ ಮಾಡಿದ ದಿನಗಳೂ ಇದ್ದವು.

ಆ ಹೋರಾಟದಲ್ಲಿ ತೆಲುಗು ದೇಶಂನವರು ಮಾತ್ರ ಇರಲಿಲ್ಲ. ಜನತಾ ಪಕ್ಷದ ಜೈಪಾಲ್ ರೆಡ್ಡಿ, ಬಿಜೆಪಿಯ ವೆಂಕಯ್ಯ ನಾಯ್ಡು, ಎಡಪಕ್ಷಗಳು ಎಲ್ಲ ಜೊತೆಗಿದ್ದರು. ಆಗಸ್ಟ್ ಮುಗಿಯುವ ಮುಂಚೆಯೇ ರಾಮಲಾಲ್ ಹುದ್ದೆ ಬಿಟ್ಟರು, ಶಂಕರ ದಯಾಳ್ ಶರ್ಮ ಬಂದರು. ಸೆಪ್ಟೆಂಬರಿನಲ್ಲಿ ಸದನ ಸೇರಿದರೂ ಭಾಸ್ಕರರಾವ್ ಅವರಿಂದ ಬಹುಮತ ತೋರಿಸಲಾಗಲಿಲ್ಲ. ಸೆಪ್ಟೆಂಬರ್ 16ರಂದು ಎನ್‌ಟಿಆರ್ ಮತ್ತೆ ಮುಖ್ಯಮಂತ್ರಿ. ಲೆಕ್ಕ ಹಾಕಿದರೆ ಒಟ್ಟು 31 ದಿನ. ಕೇಂದ್ರ ಕೆಳಗಿಳಿಸಿದ ಮುಖ್ಯಮಂತ್ರಿಯನ್ನು ಜನರೇ ಹೀಗೆ ಒಂದೇ ತಿಂಗಳಲ್ಲಿ ಕುರ್ಚಿಗೆ ವಾಪಸ್ ತಂದದ್ದು ನಾನು ಮೊದಲು ಕೇಳಿರಲಿಲ್ಲ.

ಜನ ಆ ಲೆಕ್ಕವನ್ನು ಮರೆಯಲಿಲ್ಲ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ದೇಶವೆಲ್ಲ ಕಾಂಗ್ರೆಸ್ಸಿನ ಕಡೆ ಹೊರಳಿತು. ಅದಕ್ಕೆ ನಾನೂರರ ಮೇಲೆ ಸ್ಥಾನ. ಆಂಧ್ರ ಮಾತ್ರ ಕದಲಲಿಲ್ಲ. 42ರಲ್ಲಿ 30 ತೆಲುಗು ದೇಶಂಗೆ, ಕಾಂಗ್ರೆಸ್ಸಿಗೆ 6. ಒಂದು ಪ್ರಾದೇಶಿಕ ಪಕ್ಷ ಲೋಕಸಭೆಯಲ್ಲಿ ಎರಡನೆಯ ದೊಡ್ಡ ಪಕ್ಷವಾಯಿತು. ಬಿಜೆಪಿಗೆ ಇಡೀ ದೇಶದಲ್ಲಿ ಬಂದದ್ದು ಎರಡೇ ಸ್ಥಾನ. ಅದರಲ್ಲಿ ಒಂದು ಇಲ್ಲಿಯ ಹನಮಕೊಂಡದ್ದು, ಅಲ್ಲಿ ಸೋತವರು ಪಿ.ವಿ. ನರಸಿಂಹರಾವ್!

ನಮ್ಮ ಕರ್ನಾಟಕದವರು ಬೇರೆಯೇ ರೀತಿಯಲ್ಲಿ ಲೆಕ್ಕ ಹಾಕಿದರು. ಡಿಸೆಂಬರಿನಲ್ಲಿ 28ರಲ್ಲಿ 24 ಕಾಂಗ್ರೆಸ್ಸಿಗೆ ಕೊಟ್ಟರು. ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಅದೇ ಹೆಗಡೆಯವರಿಗೆ 139 ಸ್ಥಾನ ಕೊಟ್ಟರು. ಹತ್ತು ವಾರದಲ್ಲಿ ಎರಡು ತೀರ್ಪು, ಎರಡೂ ಯೋಚಿಸಿ ಕೊಟ್ಟದ್ದೇ. ಆ ತಿಂಗಳೇ ಆಂಧ್ರದಲ್ಲೂ ವಿಧಾನಸಭೆ ಚುನಾವಣೆ ನಡೆದು ತೆಲುಗು ದೇಶಂಗೆ 202 ಬಂದವು. ಎನ್‌ಟಿಆರ್ ಮೂರು ಕಡೆ ನಿಂತು ಮೂರೂ ಗೆದ್ದರು, ಉಳಿಸಿಕೊಂಡದ್ದು ನಮ್ಮ ಗೌರಿಬಿದನೂರಿನ ಪಕ್ಕದ ಹಿಂದೂಪುರ.

ನನ್ನ ಮೊದಲ ಹೈದರಾಬಾದ್ ಓಟು ಬಿದ್ದದ್ದು ಆ ಮಾರ್ಚಿನಲ್ಲೇ. ಒಬ್ಬ ಮನುಷ್ಯನಿಗೆ ಒಂದೇ ಕಡೆ ಓಟು, ಅವನು ವಾಸವಿರುವ ಕಡೆ. ಇದು ಕಾನೂನು. ಊರಿನ ಪಟ್ಟಿಯಿಂದ ಹೆಸರು ತೆಗೆಸಿ ಇಲ್ಲಿಯ ಪಟ್ಟಿಗೆ ಸೇರಿಸಿದಾಗ, ನಿಜ ಹೇಳಬೇಕೆಂದರೆ ಮನಸ್ಸಿಗೆ ಕಸಿವಿಸಿ ಆಯಿತು. ಬ್ಯಾಂಕ್ ಖಾತೆ ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದ ಹಾಗಲ್ಲ ಅದು. ಊರು ನಮ್ಮನ್ನು ಎಣಿಸುವುದು ನಿಲ್ಲಿಸುತ್ತದೆ. ಆದರೆ ಹಿಂದಿನ ಆಗಸ್ಟ್ ನೋಡಿದವನಿಗೆ ಎಲ್ಲೂ ಎಣಿಕೆಗೆ ಸಿಗದೆ ಇರುವುದು ಇನ್ನೂ ಕೆಟ್ಟದ್ದು ಅನಿಸಿತ್ತು. ನೃಪತುಂಗ ಶಾಲೆಯ ಮೇಷ್ಟ್ರೊಬ್ಬರು ನನ್ನ ಹಿಂದೆಯೇ ಸಾಲಿನಲ್ಲಿದ್ದರು. ತೆಲುಗಿನ ಚೀಟಿ ಹಿಡಿದು ಇಬ್ಬರೂ ಕನ್ನಡದಲ್ಲಿ ಮಾತಾಡುತ್ತಾ ಒಳಗೆ ಹೋದೆವು.

ಹೈದರಾಬಾದಿನ ಗದ್ದಲ ಮುಗಿದ ಮೇಲೆ ರಾಜೀವ್ ಗಾಂಧಿಯವರ ಸರ್ಕಾರ 1985ರಲ್ಲೇ ಪಕ್ಷಾಂತರ ನಿಷೇಧ ಕಾಯ್ದೆ ತಂದಿತು. ಆದರೆ ತಲೆ ಎಲ್ಲಿ ಎಣಿಸಬೇಕು ಅನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಉತ್ತರ ಬಂದದ್ದು ಕರ್ನಾಟಕದಿಂದ. ಹೆಗಡೆಯವರ ನಂತರ 1988ರ ಆಗಸ್ಟಿನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಆಗ ಅಲ್ಲಿ ರಾಜ್ಯಪಾಲರಾಗಿದ್ದವರು ಪೆಂಡೆಕಂಟಿ ವೆಂಕಟಸುಬ್ಬಯ್ಯ, ನಂದ್ಯಾಲದ ಕಡೆಯ ತೆಲುಗರು. 1989ರ ಏಪ್ರಿಲಿನಲ್ಲಿ 19 ಶಾಸಕರು ಬೆಂಬಲ ವಾಪಸ್ ತೆಗೆದಿದ್ದಾರೆ ಅನ್ನುವ ಪತ್ರಗಳು ರಾಜಭವನ ತಲುಪಿದವು. ಬೊಮ್ಮಾಯಿಯವರು ಸದನ ಕರೆಯುತ್ತೇನೆ, ಅಲ್ಲೇ ಬಲ ತೋರಿಸುತ್ತೇನೆ ಅಂದರು. ಆ 19 ಮಂದಿಯಲ್ಲೇ ಏಳು ಜನ, ನಮ್ಮನ್ನು ತಪ್ಪು ದಾರಿಗೆಳೆದು ಸಹಿ ಹಾಕಿಸಿದರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ತಿರುಗಿ ಬರೆದುಕೊಟ್ಟರು. ಆದರೂ ಏಪ್ರಿಲ್ 21ಕ್ಕೆ ಸರ್ಕಾರ ವಜಾ. ಐದು ವರ್ಷದ ಹಿಂದೆ ಆಂಧ್ರದ ಶಾಸಕರಿಗೆ ಆಸರೆ ಕೊಟ್ಟ ರಾಜ್ಯಕ್ಕೆ ಅದೇ ಅನುಭವ, ಅದೂ ಆಂಧ್ರದಿಂದ ಬಂದ ರಾಜ್ಯಪಾಲರ ಕೈಯಿಂದ. ಹೈದರಾಬಾದಿನಲ್ಲಿ ಗೆಳೆಯರು ನನಗೆ ಸಮಾಧಾನ ಹೇಳಿದರು, ನಮ್ಮ ಹಾಗೆ ನೀವೂ ಬೀದಿಗಿಳಿಯಿರಿ ಅಂತ. ಕರ್ನಾಟಕದಲ್ಲಿ ಹಾಗೆ ಯಾರೂ ಬೀದಿ ತುಂಬಲಿಲ್ಲ. ಬೊಮ್ಮಾಯಿಯವರು ಹಿಡಿದದ್ದು ಕೋರ್ಟಿನ ದಾರಿ.

ಅದು ನಿಧಾನದ ದಾರಿ. ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನುವುದನ್ನು ನೋಡಬೇಕಾದ ಜಾಗ ಸದನ, ರಾಜಭವನದ ಕೋಣೆಯಲ್ಲ ಅಂತ ಅದು ಸ್ಪಷ್ಟಪಡಿಸಿತು. ಕರ್ನಾಟಕದ ವಜಾ ಸಂವಿಧಾನಕ್ಕೆ ವಿರುದ್ಧ ಅಂತಲೂ ಹೇಳಿತು. ಬೊಮ್ಮಾಯಿಯವರಿಗೆ ಕುರ್ಚಿ ಸಿಗಲಿಲ್ಲ. ಅಷ್ಟರಲ್ಲಿ 1989ರ ಚುನಾವಣೆ ನಡೆದು ಕಾಂಗ್ರೆಸ್ 178 ಸ್ಥಾನದೊಂದಿಗೆ ಬಂದಿತ್ತು. ಆದರೆ ಮುಂದೆ ಬಂದವರಿಗೆಲ್ಲ ಅವರ ಹೆಸರಿನ ತೀರ್ಪು ಕೊಡೆಯಾಯಿತು. ಎನ್‌ಟಿಆರ್ 31 ದಿನದಲ್ಲಿ ಕುರ್ಚಿ ಗೆದ್ದರು, ಬೊಮ್ಮಾಯಿ ಐದು ವರ್ಷದಲ್ಲಿ ನಿಯಮ ಗೆದ್ದರು. ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ನಾನು ಎರಡನೆಯದನ್ನೇ ಹೇಳುವವನು. ಕನ್ನಡಿಗ ಅಂತಲ್ಲ, ಬ್ಯಾಂಕಿನವ ಅಂತ.

ಹಾಗಂತ ಸದನದಲ್ಲಿ ಎಣಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 1994ರ ಡಿಸೆಂಬರಿನಲ್ಲಿ 216 ಸ್ಥಾನ ಗೆದ್ದ ಎನ್‌ಟಿಆರ್ ಒಂಬತ್ತೇ ತಿಂಗಳಲ್ಲಿ ಅಧಿಕಾರ ಕಳೆದುಕೊಂಡರು. ಈ ಸಲ ದೆಹಲಿಯಲ್ಲ, ಮನೆಯವರೇ. ಅಳಿಯ ಚಂದ್ರಬಾಬು ನಾಯ್ಡು ಜೊತೆ ಶಾಸಕರು ಹುಸೇನ್ ಸಾಗರದ ಹತ್ತಿರದ ವೈಸ್‌ರಾಯ್ ಹೋಟೆಲಿನಲ್ಲಿ ಕೂತರು. 1984ರಲ್ಲಿ ಮಾವನಿಗಾಗಿ ಶಾಸಕರನ್ನು ಕಾದವರಲ್ಲಿ ಈ ಅಳಿಯನೂ ಒಬ್ಬರು. 1995ರ ಸೆಪ್ಟೆಂಬರ್ 1ರಂದು ಅವರೇ ಮುಖ್ಯಮಂತ್ರಿಯಾದರು. ತಲೆ ಲೆಕ್ಕ ಅವರ ಕಡೆಯೇ ಇತ್ತು. ಜನ ಓಟು ಹಾಕಿದ್ದು ಯಾರ ಮುಖ ನೋಡಿ ಅನ್ನುವುದಕ್ಕೆ ಮಾತ್ರ ಸದನದಲ್ಲಿ ಎಣಿಕೆ ಇಲ್ಲ.

2018ರ ಮೇ ತಿಂಗಳು ಬಂತು. ಕರ್ನಾಟಕದಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ಸೋತ ಇಬ್ಬರು ಸೇರಿದರೆ ಗೆದ್ದವರಿಗಿಂತ ಹೆಚ್ಚು. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು ಮೇ 17ರಂದು ಪ್ರಮಾಣ ವಚನ ಬೋಧಿಸಿ, ಬಹುಮತ ತೋರಿಸಲು 15 ದಿನ ಕೊಟ್ಟರು. ಆ ರಾತ್ರಿ ಕಾಂಗ್ರೆಸ್, ಜೆಡಿಎಸ್ ಶಾಸಕರನ್ನು ಬಸ್ ಹತ್ತಿಸಿ ಕಳಿಸಿದ್ದು ಎಲ್ಲಿಗೆ? ಹೈದರಾಬಾದಿಗೆ! ಬೆಳಗ್ಗೆ ವಾಕಿಂಗಿನಲ್ಲಿ ಪಕ್ಕದ ಮನೆಯವರು, "ಮೀ ಎಮ್ಮೆಲ್ಯೇಲು ಮಾ ಊರಿಕಿ ವಚ್ಚಾರಂಡಿ" ಅಂತ ನಕ್ಕರು, ನಿಮ್ಮ ಶಾಸಕರು ನಮ್ಮೂರಿಗೆ ಬಂದಿದ್ದಾರಲ್ಲ ಸ್ವಾಮಿ ಅಂತ. ಮೂವತ್ತನಾಲ್ಕು ವರ್ಷದ ಹಿಂದಿನ ಸಾಲ ಬಡ್ಡಿ ಇಲ್ಲದೆ ತೀರಿತು ಅಂದೆ ನಾನು. ಬಂಜಾರಾ ಹಿಲ್ಸ್‌ನ ದೊಡ್ಡ ಹೋಟೆಲಿನ ಮುಂದೆ ಕನ್ನಡ ಚಾನೆಲ್ಲಿನ ಹುಡುಗರು ಮೈಕು ಹಿಡಿದು ನಿಂತದ್ದನ್ನು ಟೀವಿಯಲ್ಲಿ ನೋಡಿದೆವು.

ಆದರೆ ಈ ಬಾರಿ ಶಾಸಕರು ಒಂದು ಹಗಲು ಮಾತ್ರ ಇಲ್ಲಿ ಇರಬೇಕಾಯಿತು. ಮೇ 18ರಂದು ಸುಪ್ರೀಂ ಕೋರ್ಟ್, 15 ದಿನ ಬೇಡ, ನಾಳೆ ಸಂಜೆ 4 ಗಂಟೆಗೇ ಸದನದಲ್ಲಿ ಎಣಿಸಿ ಅಂತ ಹೇಳಿತು. ಮೇ 19ರಂದು ಎಣಿಕೆಗೆ ಮುಂಚೆಯೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. 1984ರ 30 ದಿನ 2018ರಲ್ಲಿ ಒಂದು ದಿನಕ್ಕೆ ಇಳಿದದ್ದು ಸುಮ್ಮನೆ ಅಲ್ಲ. ನಡುವೆ ಬೊಮ್ಮಾಯಿಯವರ ಐದು ವರ್ಷದ ಅಲೆದಾಟ ಇದೆ. ಇದಾದ ಮರುವರ್ಷ ಕುಮಾರಸ್ವಾಮಿಯವರ ಸರ್ಕಾರವೂ ಬಿತ್ತು, 2019ರ ಜುಲೈ 23ರಂದು, 99ಕ್ಕೆ 105ರಂತೆ. ಕೆಲವು ಶಾಸಕರು ಮುಂಬೈಯಲ್ಲಿ ಕೂತು ಸದನಕ್ಕೇ ಬರಲಿಲ್ಲ. ಹೋಟೆಲು ತಪ್ಪಲಿಲ್ಲ, ಆದರೆ ಎಣಿಕೆ ಎಲ್ಲರ ಕಣ್ಣೆದುರಿಗೇ ಆಯಿತು. ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಮತ ಹಾಕಿದವರಿಗೆ ಗೊತ್ತಾಯಿತು. ಅಷ್ಟಾದರೂ ಉಳಿದಿದೆ.

ನಮ್ಮ ತಂದೆ ಇದ್ದ ಮನೆಯಲ್ಲೇ ಇದ್ದು 1956ರಲ್ಲಿ ಹೈದರಾಬಾದ್ ರಾಜ್ಯದ ಮತದಾರನಿಂದ ಮೈಸೂರು ರಾಜ್ಯದ ಮತದಾರ ಆದರು. ನಾನೂ ಇದ್ದ ಮನೆಯಲ್ಲೇ ಇದ್ದು 2014ರ ಜೂನ್ 2ರಂದು ಆಂಧ್ರದ ಮತದಾರನಿಂದ ತೆಲಂಗಾಣದ ಮತದಾರ ಆದೆ. 2023ರಲ್ಲಿ ಕರ್ನಾಟಕ, ತೆಲಂಗಾಣ ಎರಡೂ ಸರ್ಕಾರ ಬದಲಿಸಿದವು. ಅಲ್ಲಿ ಕಾಂಗ್ರೆಸ್ಸಿಗೆ 224ರಲ್ಲಿ 135, ಇಲ್ಲಿ 119ರಲ್ಲಿ 64. ಲೆಕ್ಕ ನಿಚ್ಚಳವಾಗಿದ್ದ ಕಾರಣ ಯಾವ ಬಸ್ಸೂ ಹೊರಡಲಿಲ್ಲ. ಊರಿನಿಂದ ಬಂದವರು ಈಗಲೂ ಕೇಳುತ್ತಾರೆ, ನಲವತ್ತು ವರ್ಷ ಅಲ್ಲಿದ್ದೀಯಲ್ಲ, ನಿನ್ನನ್ನ ಅಲ್ಲಿ ಯಾರು ಲೆಕ್ಕಕ್ಕೆ ಹಿಡೀತಾರೆ ಅಂತ. ಅವರಿಗೆ ನನ್ನ ಮತದಾರರ ಚೀಟಿ ತೋರಿಸುತ್ತೇನೆ. ಹೆಸರು ತೆಲುಗು ಅಕ್ಷರದಲ್ಲಿದೆ, ಕೂಡಿಸಿಕೊಂಡು ಓದಿದರೆ ಕನ್ನಡದವರಿಗೂ ತಿಳಿಯುತ್ತದೆ.